ಮೂವತ್ತೇಳನೇ ನಂಬರಿನ ರಕ್ತ ಮತ್ತು ಫ್ರೈಬುರ್ಗಿನ ಕಾಲುವೆ

ಬಂಗಾರಪೇಟೆ, ಬೆಳಗಿನ ಗಾಡಿ

ಬಂಗಾರಪೇಟೆಯಲ್ಲಿ ಬೆಳಗಿನ ಗಾಡಿ ಹತ್ತುವವರಿಗೆ ಸೀಟು ಸಿಗುವುದು ಪುಣ್ಯದ ಮಾತು. ಮಾರಿಕುಪ್ಪಂನಿಂದ ಬರುವಾಗಲೇ ಬೋಗಿಗಳು ತುಂಬಿರುತ್ತವೆ. ನನಗೆ ಮಾತ್ರ ಮೂರು ವರ್ಷದಿಂದ ಒಂದು ಸೀಟು ಖಾಯಂ. ಅದರ ಮೇಲೆ ಹಸಿರು ಬಣ್ಣದ ಒಂದು ಊಟದ ಬ್ಯಾಗು ಕೂತಿರುತ್ತದೆ. ನನ್ನನ್ನು ಕಂಡ ಕೂಡಲೇ ಬ್ಯಾಗು ಎದ್ದು ಚೌಡಪ್ಪಣ್ಣನ ತೊಡೆಯ ಮೇಲೆ ಹೋಗುತ್ತದೆ, ನಾನು ಕೂರುತ್ತೇನೆ.

ಚೌಡಪ್ಪಣ್ಣ ಗಾರೆ ಮೇಸ್ತ್ರಿ. ಬೇತಮಂಗಲದ ದಾರಿಯಲ್ಲಿ ಅವರ ಹಳ್ಳಿ. ಕೆಜಿಎಫ್‌ಗೆ ಬಂದು ಗಾಡಿ ಹತ್ತಿ, ತಮ್ಮ ಮುನಿರಾಜುವನ್ನೂ ಇನ್ನೊಂದಷ್ಟು ಜನರನ್ನೂ ಕಟ್ಟಿಕೊಂಡು ದಿನಾ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಅದೇ ಗಾಡಿಯಲ್ಲಿ ನಾನು ಬೆಂಗಳೂರಿನ ಒಂದು ಸಂಶೋಧನಾಲಯಕ್ಕೆ ಹೋಗುತ್ತೇನೆ. ಅವರು ಮನೆ ಕಟ್ಟುತ್ತಾರೆ. ನಾನು ಮನುಷ್ಯರ ಲಿವರ್ ಹೇಗೆ ಕೆಡುತ್ತದೆ, ಕೆಟ್ಟದ್ದು ಹೇಗೆ ಕ್ಯಾನ್ಸರ್ ಆಗುತ್ತದೆ ಎಂದು ನೋಡುತ್ತೇನೆ. ಬೋಗಿಯಲ್ಲಿ ನನ್ನ ಹೆಸರು ಲಿವರ್ ಮೇಡಂ. ಚೌಡಪ್ಪಣ್ಣ ಒಬ್ಬರೇ ಭಾರತಮ್ಮ ಅನ್ನುವುದು.

ನನ್ನ ಕೆಲಸವನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪ್ರವಾಸದ ಗಾಬರಿ ಅರ್ಥವಾಗುವುದಿಲ್ಲ. ಹೆಪಟೈಟಿಸ್ ಬಿ ಎಂಬ ವೈರಸ್ಸು ಕೆಲವರ ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಲಿವರನ್ನು ಗಟ್ಟಿ ಮಾಡುತ್ತಾ ಹೋಗುತ್ತದೆ. ಅಂಥವರಲ್ಲಿ ಯಾರಿಗೆ ಮುಂದೆ ಗೆಡ್ಡೆಯಾಗಬಹುದು ಎಂಬುದನ್ನು ರಕ್ತದಲ್ಲಿರುವ ಒಂದು ಪ್ರೋಟೀನು ಮೊದಲೇ ಹೇಳೀತೇ ಎನ್ನುವುದು ನನ್ನ ಪ್ರಶ್ನೆ. ಅದಕ್ಕೆ ನಮ್ಮ ಕಡೆಯ ಹಳ್ಳಿಗಳ ಒಂದಷ್ಟು ಜನರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದಿದ್ದೆವು. ಕೊಳವೆಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಮೂವತ್ತೇಳು ಚೌಡಪ್ಪಣ್ಣ. ಅವರ ಕೊಳವೆಗೆ ಚೀಟಿ ಅಂಟಿಸಿದ್ದು ನಾನೇ ಆದ್ದರಿಂದ ನನಗೆ ಗೊತ್ತು.

ಚೌಡಪ್ಪಣ್ಣ ಹನಿ ಹೆಂಡ ಮುಟ್ಟಿದವರಲ್ಲ. ಚಿಕ್ಕಂದಿನಲ್ಲಿ ಯಾವ ಸೂಜಿಯಿಂದಲೋ ಈ ವೈರಸ್ಸು ಬಂದಿರಬೇಕು. ಆದರೂ ವಿಷಯ ತಿಳಿದಾಗ ಅವರು ಮೊದಲು ಕೇಳಿದ್ದು ರೋಗದ ಮಾತಲ್ಲ. "ಯಾರ್‍ಗೂ ಏಳ್ಬೇಡಿ ಕಣಮ್ಮ. ಲಿವರ್ ಅಂದ್ರೆ ಸಾಕು ಕುಡ್ಕ ಅಂತಾರೆ. ಮಗಳಿಗೆ ಗಂಡು ನೋಡ್ತಾ ಇದೀವಿ." ಅವರ ತಮ್ಮನಿಗೆ, ಹಳ್ಳಿಯ ಆಶಾ ಕಾರ್ಯಕರ್ತೆ ಸರೋಜಕ್ಕನಿಗೆ ಮತ್ತು ನನಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸುತ್ತಿನ ಫಲಿತಾಂಶ ಕೈಗೆ ಬಂದದ್ದು ನಾನು ಹೊರಡುವ ಹದಿನೈದು ದಿನ ಮುಂಚೆ. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇದ್ದದ್ದು ಮೂವತ್ತೇಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನಿಂಗಿಗೆ ದಿನ ಗೊತ್ತು ಮಾಡಿಸಿದೆ. ನಾನು ಹೊರಟ ಮರುವಾರದ ಗುರುವಾರ ಸಿಕ್ಕಿತು. ಅಷ್ಟರಲ್ಲಿ ನಾನು ಜರ್ಮನಿಯಲ್ಲಿರುತ್ತೇನೆ. ಎರಡನೇ ಸುತ್ತಿನ ರಕ್ತವನ್ನು ಅಲ್ಲಿನ ಯಂತ್ರದಲ್ಲಿ ಅಳೆಯಬೇಕಿತ್ತು.

"ನಮ್ ಮನೆ ರಕ್ತ ಪ್ಲೇನ್ ಅತ್ತೋಯ್ತದೆ, ನಾವು ಮಾತ್ರ ಇದೇ ಗಾಡೀಲಿ" ಎಂದು ಹೊರಡುವ ಹಿಂದಿನ ದಿನ ಚೌಡಪ್ಪಣ್ಣ ನಕ್ಕರು. ಎದುರು ಕೂತಿದ್ದ ಮುನಿರಾಜು ಅಣ್ಣನಿಗಿಂತ ಜೋರಾಗಿ ನಕ್ಕ. ನನಗೂ ನಗು ಬಂತು.

ಫ್ರಾಂಕ್‌ಫರ್ಟ್

ನಾನು ಗಾಬರಿಯ ಹೆಂಗಸು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋದವಳು. ಅಂಥವಳು ಮೊದಲ ಸಲ ದೇಶ ಬಿಟ್ಟು ಹೊರಟಾಗ ಕೈಯಲ್ಲಿದ್ದದ್ದು ಡ್ರೈ ಐಸ್ ತುಂಬಿದ, ಮುಚ್ಚಳ ತೆಗೆದರೆ ಹೊಗೆಯಾಡುವ ಒಂದು ಥರ್ಮೋಕೋಲ್ ಡಬ್ಬಿ. ಜೊತೆಗೆ ಅನುಮತಿ ಪತ್ರಗಳ ಕಟ್ಟು. ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡ ಹಾಗೆ ಡಬ್ಬಿಯನ್ನು ಎದೆಗೊತ್ತಿಕೊಂಡು ಇಳಿದೆ.

ಕಸ್ಟಮ್ಸಿನ ಮನುಷ್ಯ ಎತ್ತರದವನು, ಮೀಸೆ ಬಿಳಿ. ಮುಚ್ಚಳ ತೆಗೆಸಿದ. ಹೊಗೆ ಬಂತು. ಅವನು ಹಿಂದೆ ಸರಿಯಲಿಲ್ಲ, ನಾನೇ ಸರಿದೆ.

"ಇದೇನು?"

"ರಕ್ತ."

"ಯಾರದು?"

ಎಂಥ ನೇರ ಪ್ರಶ್ನೆ! "ನಮ್ಮ ಊರಿನವರದು" ಅಂದೆ. ಅವನು ಆ ಉತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಟ್ಟಿ ಕೇಳಿದ. ಆಮೇಲೆ ಕೈಗವಸು ಹಾಕಿಕೊಂಡು ಒಂದೊಂದೇ ಕೊಳವೆಯ ನಂಬರನ್ನು ಪಟ್ಟಿಯ ಜೊತೆ ತಾಳೆ ನೋಡುತ್ತಾ ಹೋದ. ಐಸು ಕರಗುತ್ತದೆ ಎಂದು ನನ್ನ ಜೀವ ಕರಗುತ್ತಿತ್ತು. ನಮ್ಮಲ್ಲಾಗಿದ್ದರೆ ನಾಲ್ಕು ನೋಡಿ, ಉಳಿದದ್ದು ಸರಿಯೇ ಇರುತ್ತದೆ ಎಂದು ಬಿಟ್ಟಿರುತ್ತಿದ್ದರು. ಇವನು ಕೊನೆಯದರವರೆಗೂ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಸೀಲು ಒತ್ತಿ, ಎಲ್ಲ ಸರಿಯಾಗಿದೆ, ಶುಭ ಪ್ರಯಾಣ ಎಂದ. ಆ ಸೀಲಿಗಿಂತ ದೊಡ್ಡ ಸಮಾಧಾನ ನನಗೆ ಬೇಕಿರಲಿಲ್ಲ.

ಫ್ರೈಬುರ್ಗ್, ಮೊದಲ ಮೂರು ದಿನ

ಫ್ರೈಬುರ್ಗ್ ಕಾಡಿನ ಅಂಚಿನ ಊರು. ಹಳೇ ಊರಿನ ಬೀದಿಗಳ ಅಂಚಿನಲ್ಲಿ ಒಂದು ಮೊಳ ಅಗಲದ ಕಲ್ಲಿನ ಕಾಲುವೆಗಳು ಹರಿಯುತ್ತವೆ. ಬೆಶ್ಲೆ ಎನ್ನುತ್ತಾರೆ. ಮುಚ್ಚಳವಿಲ್ಲ, ಬೇಲಿಯಿಲ್ಲ, ಕಸವೂ ಇಲ್ಲ. ಮಕ್ಕಳು ದಾರ ಕಟ್ಟಿದ ಮರದ ದೋಣಿಗಳನ್ನು ಅದರಲ್ಲಿ ಎಳೆದುಕೊಂಡು ಹೋಗುತ್ತಾರೆ. ಬೇತಮಂಗಲದ ಕೆರೆಯ ನೀರು ನಲ್ಲಿಗೆ ಯಾವಾಗ ಬರುತ್ತದೆ ಎಂದು ಬಿಂದಿಗೆ ಸಾಲು ಇಟ್ಟು ಕಾದು ಬೆಳೆದ ನನಗೆ, ಬೀದಿಯಲ್ಲಿ ಯಾರೂ ಹಿಡಿದುಕೊಳ್ಳದೆ ಹರಿಯುವ ನೀರನ್ನು ನೋಡಿ ಹೊಟ್ಟೆಯುರಿಯಿತು.

ಮನೆಯ ಒಡತಿ ಹೆಲ್ಗಾ. ಎಂಬತ್ತು ದಾಟಿದವರು, ಕೈಯಲ್ಲಿ ಕೋಲು, ಮಾತಿನಲ್ಲಿ ಚೂಪು. ನಾನು ಭಾನುವಾರ ಬಟ್ಟೆ ಒಗೆಯಲು ಹೊರಟಾಗ ಯಂತ್ರದ ಮುಂದೆ ಬಂದು ನಿಂತರು. ಭಾನುವಾರ ಸದ್ದು ಮಾಡುವ ಹಾಗಿಲ್ಲವಂತೆ. ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ಬೆಳೆದವಳು ನಾನು. ಅಲ್ಲಿ ಭಾನುವಾರವೆಂದರೆ ಒಂದು ಗೋಡೆಯಾಚೆ ತಮಿಳು ಹಾಡು, ಇನ್ನೊಂದರಾಚೆ ತೆಲುಗು ಜಗಳ, ಮಧ್ಯೆ ನಮ್ಮಮ್ಮನ ಕನ್ನಡದ ಬೈಗುಳ. ಇಲ್ಲಿನ ಭಾನುವಾರದ ನಿಶ್ಶಬ್ದದಲ್ಲಿ ನನ್ನ ಎದೆ ಬಡಿತ ನನಗೇ ಕೇಳಿಸಿ ಇನ್ನಷ್ಟು ಗಾಬರಿಯಾಯಿತು.

ಸೋಮವಾರ ಹೆಲ್ಗಾಗೆ ಒಂದು ಪಾರ್ಸೆಲ್ ಬಂದು, ಅವರು ಮನೆಯಲ್ಲಿಲ್ಲದ ಕಾರಣ ಅಂಚೆಯವನು ಚೀಟಿ ಬಿಟ್ಟು ಹೋಗಿದ್ದ. ಮುದುಕಿ ಯಾಕೆ ನಡೆಯಬೇಕು ಎಂದು ನಾನೇ ಚೀಟಿ ಹಿಡಿದು ಅಂಚೆಗೆ ಹೋದೆ. ಕೌಂಟರಿನ ಹೆಂಗಸು ನನ್ನ ಮುಖ ನೋಡಿದಳು, ಚೀಟಿ ನೋಡಿದಳು, ಆಗುವುದಿಲ್ಲ ಎಂದಳು. ಅವರ ಮನೆಯಲ್ಲೇ ಇದ್ದೇನೆ ಎಂದೆ. ಆಗುವುದಿಲ್ಲ. ಅವರಿಗೆ ಮಂಡಿನೋವು ಎಂದೆ. ಪಾಪ, ಆದರೂ ಆಗುವುದಿಲ್ಲ. ನಮ್ಮ ಬಂಗಾರಪೇಟೆಯ ಪೋಸ್ಟ್‌ಮ್ಯಾನ್ ನನ್ನ ಕಾಗದಗಳನ್ನು ಬೀದಿ ತುದಿಯ ಎಳನೀರಿನವನ ಹತ್ತಿರ ಕೊಟ್ಟು ಹೋಗುತ್ತಾನೆ, ಒಂದು ದಿನವೂ ತಪ್ಪಿಲ್ಲ.

ಬರಿಗೈಯಲ್ಲಿ ಬಂದ ನನ್ನನ್ನು ನೋಡಿ ಹೆಲ್ಗಾ ನಕ್ಕರು. "ನಿನಗೆ ಹೇಗೆ ಕೊಡುತ್ತಾರೆ? ಅದು ನನ್ನ ಹೆಸರಿಗೆ ಬಂದದ್ದು" ಎಂದು ಕೋಲು ಎತ್ತಿಕೊಂಡು ತಾವೇ ಹೊರಟರು. ಎಂಥ ಕಟುಕ ಜನ ಎಂದುಕೊಂಡೆ.

ಲ್ಯಾಬಿನ ಮುಖ್ಯಸ್ಥೆ ಉಲ್ರಿಕೆ. ಮಾತು ಕಡಿಮೆ, ನಡಿಗೆ ಜೋರು. ಅಲ್ಲಿಯ ಗೋಡೆಯ ಮೇಲೆ ಎಲ್ಲರ ಹುಟ್ಟಿದ ದಿನಗಳ ಪಟ್ಟಿ ಇತ್ತು. ಯಾರ ಹುಟ್ಟುಹಬ್ಬವೋ ಅವರೇ ಉಳಿದವರಿಗೆ ಕೇಕು ಮಾಡಿಕೊಂಡು ಬರಬೇಕಂತೆ. ನನ್ನ ಹಳ್ಳಿಗಳ ಜನರ ಪಟ್ಟಿ ನೋಡಿ ಉಲ್ರಿಕೆ ಬೆರಗಾದರು. "ನಿಮ್ಮಲ್ಲಿ ಅರ್ಧಕ್ಕರ್ಧ ಜನ ಜನವರಿ ಒಂದನೇ ತಾರೀಕು ಹುಟ್ಟಿದ್ದಾರಲ್ಲ?" ಆಧಾರ್ ಕಾರ್ಡ್ ಮಾಡಿಸುವಾಗ ದಿನ ಗೊತ್ತಿಲ್ಲದವರಿಗೆಲ್ಲ ಅದನ್ನೇ ಬರೆದಿದ್ದಾರೆ ಎಂದು ವಿವರಿಸಿದೆ. "ಹಾಗಾದರೆ ಆವತ್ತು ಎಷ್ಟೊಂದು ಕೇಕು!" ಎಂದರು. ಆ ವಾರದಲ್ಲಿ ಅವರು ಮಾಡಿದ ಒಂದೇ ತಮಾಷೆ ಅದು.

ಮಂಗಳವಾರ

ಮಂಗಳವಾರ ಮಧ್ಯಾಹ್ನ ಯಂತ್ರದಿಂದ ಅಂಕಿಗಳು ಬಂದವು. ನನ್ನ ಕಣ್ಣು ಬೇರೆಲ್ಲೂ ನಿಲ್ಲದೆ ಮೂವತ್ತೇಳಕ್ಕೆ ಇಳಿಯಿತು. ಪ್ರೋಟೀನು ಇಳಿದೇ ಇಳಿದಿತ್ತು! ಆರು ತಿಂಗಳ ಹಿಂದೆ ಎಲ್ಲರಿಗಿಂತ ಮೇಲಿದ್ದದ್ದು ಈಗ ಆರೋಗ್ಯವಂತರ ಮಟ್ಟದಲ್ಲಿತ್ತು. ಯಂತ್ರ ತಪ್ಪಿದೆಯೋ ಎಂದು ಇನ್ನೊಮ್ಮೆ ಹಾಕಿದೆ. ಅದೇ ಬಂತು.

ಉಲ್ರಿಕೆ ಕನ್ನಡಕ ಮೇಲೆ ಸರಿಸಿ ನೋಡಿದರು. ಈ ಮನುಷ್ಯ ಏನು ಮಾಡಿದ ಎಂದು ಕೇಳಿದರು. ನಾನು ಚೌಡಪ್ಪಣ್ಣನ ಹೆಸರು ಹೇಳದೆ, ಆರು ತಿಂಗಳಿಂದ ಔಷಧಿ ತಪ್ಪಿಸಿಲ್ಲ, ಎಣ್ಣೆ ಪದಾರ್ಥ ಬಿಟ್ಟಿದ್ದಾರೆ ಎಂದೆ. ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ನಾನು ಅಲ್ಲಿನವರ ಮುಂದೆ ಮಾತಾಡಬೇಕಿತ್ತು. ಇದನ್ನೇ ಮೊದಲ ಚಿತ್ರವಾಗಿ ತೋರಿಸು ಎಂದರು.

ನನಗೆ ಚಿತ್ರಕ್ಕಿಂತ ಮುಂಚೆ ನೆನಪಾದದ್ದು ಹಸಿರು ಬ್ಯಾಗು. ನಿಂತಲ್ಲೇ ಫೋನ್ ಮಾಡಿದೆ.

"ಚೌಡಪ್ಪಣ್ಣ, ಇಳಿದಿದೆ! ಪೂರ್ತಿ ಇಳಿದಿದೆ. ಗಾಬರಿ ಬೇಡ."

ಆ ಕಡೆ ಅವರು ಯಾರಿಗೋ ಕೆಲಸ ನಿಲ್ಲಿಸಲು ಹೇಳಿದ್ದು ಕೇಳಿಸಿತು. ಆಮೇಲೆ, "ಅವುನಾ? ಕಮ್ಮಿ ಆಗದಾ?"

"ಹೌದು."

"ಅಂಗಾದ್ರೆ ಗುರುವಾರದ್ದು ಸ್ಕ್ಯಾನಿಂಗು?"

ಇಲ್ಲಿ ನಾನು ತಪ್ಪು ಮಾಡಿದೆ. ಆ ತಂಪು ಕೋಣೆ, ಆ ಯಂತ್ರ, ಆ ಸಂತೋಷ ಎಲ್ಲ ಸೇರಿ ನನ್ನ ಬಾಯಿಂದ, "ಈಗ ಅವಸರ ಏನಿಲ್ಲ, ನಾನು ಬಂದ ಮೇಲೆ ನೋಡೋಣ" ಎಂದು ಬಂತು. ಗ್ಯಾಸ್ ಆರಿಸಿದ್ದನ್ನು ಮೂರು ಸಲ ನೋಡುವವಳು ಇದನ್ನು ಒಂದು ಸಲವೂ ಯೋಚಿಸಲಿಲ್ಲ. ಆಸ್ಪತ್ರೆಗೆ ನಾನೇ ಹೇಳಿ ಆ ದಿನವನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಗುರುವಾರ ಬಂತು, ಹೋಯಿತು. ಅವತ್ತು ನಾನು ಹೆಲ್ಗಾ ಜೊತೆ ಕಾಡಿನ ಅಂಚಿನವರೆಗೂ ನಡೆದು ಹೋಗಿ ಚೆರ್ರಿ ಹಣ್ಣಿನ ಕೇಕು ತಿಂದು ಬಂದೆ.

ಶುಕ್ರವಾರ, ಕಾಲುವೆ

ಶುಕ್ರವಾರ ಸಂಜೆ ಚರ್ಚಿನ ಗೋಪುರ ನೋಡುತ್ತಾ ನಡೆದು ಬರುತ್ತಿದ್ದೆ. ಟ್ರಾಮಿನ ಗಂಟೆ ಕೇಳಿ ಪಕ್ಕಕ್ಕೆ ಸರಿದವಳ ಎಡಗಾಲು ಸೀದಾ ಬೆಶ್ಲೆಯೊಳಗೆ. ನೀರು ಮೀನಖಂಡದವರೆಗೂ ಬರಲಿಲ್ಲ, ಆದರೆ ಪಾದ ಉಳುಕಿ ನಾನು ಬೀದಿಯ ಕಲ್ಲುಗಳ ಮೇಲೆ ಕೂತುಬಿಟ್ಟೆ. ಇಬ್ಬರು ಮೂವರು ಓಡಿಬಂದರು. ಎತ್ತಿ ಕೂರಿಸಿದ ಮುದುಕರೊಬ್ಬರು ನಗುತ್ತಾ, ಬೆಶ್ಲೆಗೆ ಕಾಲಿಟ್ಟ ಹೆಣ್ಣಿಗೆ ಫ್ರೈಬುರ್ಗಿನ ಗಂಡೇ ಗತಿ ಎಂದು ಇಲ್ಲಿಯವರ ನಂಬಿಕೆ ಎಂದರು. ಬಂಗಾರಪೇಟೆಯಲ್ಲಿ ನನಗೊಬ್ಬ ಗಂಡ ಇದ್ದಾನೆ, ಒಬ್ಬನೇ ಸಾಕಾಗಿದೆ ಎಂದೆ. ನೋವಿನಲ್ಲೂ ಅವರ ಜೊತೆ ನಕ್ಕೆ.

ಕಾಲು ಬೂದುಗುಂಬಳವಾಗುತ್ತಿತ್ತು. ಹೆಲ್ಗಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಬಾಗಿಲಲ್ಲಿದ್ದವಳು ಕೇಳಿದಳು: ಹೆಸರು? ಹುಟ್ಟಿದ ದಿನ? ಹೇಳಿದೆ. ಒಳಗೆ ನರ್ಸ್ ಬಂದಳು. ಹೆಸರು? ಹುಟ್ಟಿದ ದಿನ? ಹೇಳಿದೆ. ಎಕ್ಸ್‌ರೇ ಕೋಣೆಯವನು, ಕೈಯಲ್ಲಿ ನನ್ನದೇ ಚೀಟಿ ಹಿಡಿದುಕೊಂಡು, ಹೆಸರು? ಹುಟ್ಟಿದ ದಿನ? ಎಂದ. ತಿರುಗಿ ಬಂದೆ. ಈ ಮೊದಲು ಕೇಳಿದ್ದ ಅದೇ ನರ್ಸ್ ನೋವಿನ ಮಾತ್ರೆ ಕೊಡುವ ಮುಂಚೆ ಮತ್ತೆ ಅದನ್ನೇ ಕೇಳಿದಳು.

ನನಗೆ ರೇಗಿತು. "ಈಗತಾನೇ ಹೇಳಿದೆನಲ್ಲ. ನೀವೇ ಅಲ್ಲವಾ ಬರೆದುಕೊಂಡದ್ದು?"

"ಹೌದು, ಬರೆದುಕೊಂಡದ್ದು ನಾನೇ" ಎಂದಳು ಆಕೆ, ಬೇಸರವಿಲ್ಲದೆ. "ಆದರೆ ಈಗ ಈ ಹಾಸಿಗೆಯ ಮೇಲೆ ಕೂತಿರುವುದು ಯಾರೆಂದು ನನಗೆ ಹೇಗೆ ಗೊತ್ತಾಗಬೇಕು?"

ಮತ್ತೊಮ್ಮೆ ಹೇಳಿದೆ. ಅವಳು ಕೊಟ್ಟ ಮಾತ್ರೆ ನನ್ನ ಅಂಗೈಯಲ್ಲೇ ಉಳಿಯಿತು.

ನನ್ನ ತಾತ ಗಣಿಯ ಕೆಲಸದವರು. ಕೆಳಗಿಳಿಯುವ ಮುಂಚೆ ಒಬ್ಬೊಬ್ಬರಿಗೂ ನಂಬರಿನ ಟೋಕನ್. ಮೇಲೆ ಬಂದು ಟೋಕನ್ ವಾಪಸು ಮಾಡದಿದ್ದರೆ ಅವನು ಒಳಗೇ ಇದ್ದಾನೆ ಎಂದರ್ಥ, ಹುಡುಕಲು ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ಒಮ್ಮೆ, ಬೇರೆಯವರ ಟೋಕನ್ ತಗೊಂಡು ಹೋದರೆ ಏನಾಗುತ್ತೆ ತಾತ ಎಂದು ಕೇಳಿದ್ದೆ. ತಾತ ಬೀಡಿ ಕೆಳಗಿಟ್ಟು, "ಆಮೇಲೆ ಯಾವ್ ಮನೆ ಮುಂದೆ ಓಗಿ ಅಳೋದು ಮಗಾ?" ಎಂದಿದ್ದರು.

ಎರಡನೇ ಸುತ್ತಿನಲ್ಲಿ ರಕ್ತ ತೆಗೆದ ದಿನ ನಾನು ಹಳ್ಳಿಯಲ್ಲಿ ಇರಲೇ ಇಲ್ಲ. ಆವತ್ತು ವೀಸಾ ಕಚೇರಿಗೆ ಹೋಗಬೇಕಿತ್ತು. ನನ್ನ ಬದಲು ಸಹೋದ್ಯೋಗಿಯೊಬ್ಬರನ್ನು ಕಳಿಸಿದ್ದೆ. ಅವರಿಗೆ ಆ ಹಳ್ಳಿಯ ಒಬ್ಬರ ಮುಖವೂ ಗೊತ್ತಿಲ್ಲ. ಮತ್ತು ಅದು ಸೋಮವಾರ. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಚೌಡಪ್ಪಣ್ಣ ಹಳ್ಳಿಯಲ್ಲಿ ಇದ್ದದ್ದನ್ನು ನಾನು ಮೂರು ವರ್ಷದಲ್ಲಿ ಎಂದೂ ಕಂಡಿಲ್ಲ. ಆ ಹೊತ್ತಿಗೆ ಅವರು ಗಾಡಿಯಲ್ಲಿ, ನನ್ನ ಪಕ್ಕದಲ್ಲಿರುತ್ತಾರೆ.

ನಮ್ಮ ಮನೆ ರಕ್ತ, ಎಂದಿದ್ದರಲ್ಲ ಅವರು.

ಶನಿವಾರ

ಕಟ್ಟು ಹಾಕಿದ ಕಾಲನ್ನು ಎಳೆದುಕೊಂಡು ಶನಿವಾರ ಬೆಳಿಗ್ಗೆ ಲ್ಯಾಬಿಗೆ ಹೋದೆ. ಯಾರೂ ಇರಲಿಲ್ಲ. ಉಲ್ರಿಕೆಗೆ ಫೋನ್ ಮಾಡಿದ್ದಕ್ಕೆ ಅವರು ಬಂದು ಬಾಗಿಲು ತೆಗೆದುಕೊಟ್ಟರು, ಯಾಕೆಂದು ಕೇಳಲಿಲ್ಲ. ಮೂವತ್ತೇಳನೇ ಕೊಳವೆಯಲ್ಲಿ ಸ್ವಲ್ಪ ಉಳಿದಿತ್ತು. ಅದರಲ್ಲಿ ಹೆಪಟೈಟಿಸ್ ಬಿ ಇದೆಯೇ ಎಂದು ನೋಡಿದೆ. ವರ್ಷಗಟ್ಟಲೆ ಬೇರು ಬಿಟ್ಟ ಆ ವೈರಸ್ಸು ಆರು ತಿಂಗಳ ಔಷಧಿಗೆ ಗುರುತೇ ಇಲ್ಲದಂತೆ ಹೋಗುವುದು ಅಪರೂಪದಲ್ಲಿ ಅಪರೂಪ.

ಇರಲಿಲ್ಲ. ವೈರಸ್ಸೂ ಇರಲಿಲ್ಲ, ಎಂದಾದರೂ ಬಂದು ಹೋದ ಸುಳಿವೂ ಇರಲಿಲ್ಲ. ಅದು ಎಂದೂ ಈ ರೋಗ ಕಾಣದ ಮನುಷ್ಯನ ರಕ್ತ.

ಆರೋಗ್ಯವಂತ ರಕ್ತವೊಂದನ್ನು ನೋಡಿ ಅಷ್ಟು ಹೆದರಿದ್ದು ನನ್ನ ಜೀವಮಾನದಲ್ಲೇ ಮೊದಲು. ಮೊದಲು ಸರೋಜಕ್ಕನಿಗೆ ಫೋನ್ ಮಾಡಿದೆ.

"ಏನ್ ಮಾಡ್ಲಿ ಮೇಡಂ" ಎಂದಳು ಆಕೆ. ದನಿ ಆಗಲೇ ಅಳುವ ಹಾಗಿತ್ತು. "ಸೋಮವಾರ ಆರ್ ಗಂಟೆಗೇ ಎಲ್ರೂ ಕೆಲ್ಸಕ್ಕೆ ಓಗ್ಬುಟ್ಟಿದ್ರು. ನೀವು ಲಿಸ್ಟ್ ಪೂರ್ತಿ ಆಗ್ಬೇಕು ಅಂದಿದ್ರಿ. ರೇಷನ್ನಿಗೆ ಓಗಲ್ವಾ, ಅಂಗೆ ಮನೆಗೊಬ್ರನ್ನ ಕರ್ಕೊಂಬಂದೆ."

ಆಕೆಯನ್ನು ಬೈಯಲು ನನಗೆ ಯಾವ ಬಾಯಿ ಇತ್ತು? ಲಿಸ್ಟ್ ಪೂರ್ತಿ ಆಗಬೇಕು ಎಂದವಳು ನಾನು. ನಾನೂ ನನ್ನ ಬದಲು ಇನ್ನೊಬ್ಬರನ್ನು ಕಳಿಸಿದವಳೇ.

ಚೌಡಪ್ಪಣ್ಣನಿಗೆ ಫೋನ್ ಹೋದಾಗ ಅಲ್ಲಿ ಸಂಜೆ. ಹಿಂದೆ ಗಾಡಿಯ ಸದ್ದು, ಕಡಲೆಕಾಯಿ ಮಾರುವವನ ಕೂಗು. ಫ್ರೈಬುರ್ಗಿನ ಖಾಲಿ ಲ್ಯಾಬಿನಲ್ಲಿ ನಿಂತು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಚೌಡಪ್ಪಣ್ಣ, ಎರಡನೇ ಸಲ ರಕ್ತ ಕೊಟ್ಟಿದ್ದು ಯಾರು?"

"ಯಾಕಮ್ಮ? ಕಮ್ಮಿ ಆಗದೆ ಅಂದ್ರಲ್ಲ?"

"ಕೊಟ್ಟಿದ್ದು ಯಾರು ಹೇಳಿ."

"ಆವತ್ತು ತಾರಸಿ ಮೋಲ್ಡು ಕಣಮ್ಮ. ಕಾಂಕ್ರೀಟು ಕಲ್ಸಿದ್ ಮೇಲೆ ಮೇಸ್ತ್ರಿ ಬರ್ಲಿ ಅಂತ ಕಾಯ್ತದಾ? ರಕ್ತ ಕೊಡಕ್ಕೆ ಮುನಿರಾಜುನ ಊರಲ್ಲಿ ನಿಲ್ಸಿದ್ದೆ. ಒಂದೇ ಮನೆ, ಒಂದೇ ತಪ್ಪಲೆ ಅನ್ನ. ನಮ್ ಮನೇದು ಒಂದು ಓದ್ರೆ ಆಯ್ತು ಅಂದ್ಕೊಂಡೆ."

"ಮತ್ತೆ ಮಂಗಳವಾರ ನಾನು ಇಳಿದಿದೆ ಅಂದಾಗ ಯಾಕೆ ಹೇಳಲಿಲ್ಲ?"

ಗಾಡಿ ಯಾವುದೋ ಸೇತುವೆ ದಾಟಿತು.

"ಏಳ್ಬೇಕು ಅಂತ ಬಾಯಿಗೆ ಬಂತು. ನೀವು ಅಷ್ಟ್ ಖುಸಿಯಾಗಿ ಏಳ್ತಿದ್ರಿ. ನಂಬ್ಕೊಂಬುಟ್ಟೆ ಕಣಮ್ಮ. ನಂಬ್ಕೊಳ್ಳೋಕೆ ಚೆನ್ನಾಗಿತ್ತು."

ನಾನು ಅಳುತ್ತಿದ್ದೇನೆಂದು ಅವರಿಗೆ ತಿಳಿಯಬಾರದೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕಮ್ಮಿ ಇರುವುದು ಮುನಿರಾಜುವಿನದು, ನಿಮ್ಮದು ಈಗ ಎಷ್ಟಿದೆಯೋ ಯಾರಿಗೂ ಗೊತ್ತಿಲ್ಲ, ಹೇಗಾದರೂ ಮಾಡಿ ಬರುವ ವಾರವೇ ಸ್ಕ್ಯಾನಿಂಗ್ ಆಗಬೇಕು ಎಂದೆ. ಅವರು ಮೆಲ್ಲಗೆ, "ಬುಧವಾರ ಇನ್ನೊಂದ್ ಮೋಲ್ಡ್ ಅದೆ" ಎಂದರು.

"ಮೋಲ್ಡಿಗೆ ಮುನಿರಾಜು ನಿಲ್ಲಲಿ. ಸ್ಕ್ಯಾನಿಗೆ ನೀವೇ ಹೋಗಿ."

"ಸರೇಲಮ್ಮ" ಎಂದರು.

ಕಾಯುವ ದಿನಗಳು

ಬಿಟ್ಟುಕೊಟ್ಟ ದಿನ ಸುಲಭವಾಗಿ ವಾಪಸು ಸಿಗುವುದಿಲ್ಲ. ಆಸ್ಪತ್ರೆಯವರು ಮೂರು ವಾರ ಎಂದರು. ಪರಿಚಯದ ಡಾಕ್ಟರಿಗೆ ಬೇಡಿಕೊಂಡೆ, ಸೋಮವಾರವೆಲ್ಲ ಫೋನಿನಲ್ಲೇ ಕಳೆದೆ. ಕೊನೆಗೆ ಬುಧವಾರ ಮಧ್ಯಾಹ್ನಕ್ಕೆ ಒಂದು ಜಾಗ ಮಾಡಿಕೊಟ್ಟರು. ಬುಧವಾರವೇ!

ಆ ದಿನಗಳಲ್ಲಿ ನಾನು ಜರ್ಮನಿಯಲ್ಲಿ ಇರಲಿಲ್ಲ. ಕಣ್ಣೆದುರಿಗೆ ಹಳದಿ ಎಲೆಗಳು ಉದುರುತ್ತಿದ್ದವು, ಚರ್ಚಿನ ಗಂಟೆ ಹೊಡೆಯುತ್ತಿತ್ತು, ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಜನ ಕೆಂಪು ದೀಪಕ್ಕೆ ನಿಂತಿರುತ್ತಿದ್ದರು. ನಾನೂ ನಿಲ್ಲುತ್ತಿದ್ದೆ, ಹಸಿರು ಬಂದದ್ದು ಗೊತ್ತಾಗದೆ ನಿಂತೇ ಇರುತ್ತಿದ್ದೆ. ಹೆಲ್ಗಾ ಏನೂ ಕೇಳದೆ ಮೇಜಿನ ಮೇಲೆ ಸೂಪಿಟ್ಟು ಹೋಗುತ್ತಿದ್ದರು. ಅವರನ್ನು ಕಟುಕರೆಂದುಕೊಂಡದ್ದು ನೆನೆದು ನಾಚಿಕೆಯಾಯಿತು. ಆ ಅಂಚೆಯ ಹೆಂಗಸಿನಂಥವಳೊಬ್ಬಳು ನಮ್ಮ ಹಳ್ಳಿಯ ಶಾಲೆಯ ಜಗಲಿಯ ಮೇಲೆ ಕೂತು, ಮುನಿರಾಜುವಿನ ಮುಖ ನೋಡಿ, ಆಗುವುದಿಲ್ಲ ಎಂದಿದ್ದರೆ!

ಆದರೆ ಒಂದು ಮಾತು ಹೇಳಲೇಬೇಕು. ನನಗೆ ಉಸಿರಾಡಲು ಜಾಗ ಸಿಗುವುದು ನಮ್ಮವರ ಆ ಗುಣದಿಂದಲೇ. ನಾನು ಜ್ವರದಲ್ಲಿ ಮಲಗಿದರೆ ಪಕ್ಕದ ಮನೆಯಾಕೆ ನನ್ನ ರೇಷನ್ ತರುತ್ತಾಳೆ. ಚೌಡಪ್ಪಣ್ಣನ ಬ್ಯಾಗು ನನ್ನ ಬದಲು ಸೀಟಿನಲ್ಲಿ ಕೂರುತ್ತದೆ. ಆ ಗುಣವನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ರಕ್ತ ಕೊಡುವ ದಿನ ಒಂದನ್ನು ಬಿಟ್ಟು, ಎಂದು ಮೊದಲೇ ಕೂತು ಹೇಳಬೇಕಿತ್ತು. ಹೇಳಲಿಲ್ಲ.

ಬುಧವಾರ ಸರೋಜಕ್ಕ ತಾನೇ ಜೊತೆಗೆ ಹೋದಳು. ಯಂತ್ರದ ಬಾಗಿಲವರೆಗೂ ಬಿಟ್ಟು, ಅಲ್ಲಿಂದ ನನಗೊಂದು ಫೋಟೋ ಕಳಿಸಿದಳು. ಆಸ್ಪತ್ರೆಯ ನೀಲಿ ಅಂಗಿಯಲ್ಲಿ ಚೌಡಪ್ಪಣ್ಣ, ಶಾಲೆಯ ಫೋಟೋಗೆ ನಿಂತವರ ಹಾಗೆ. ಕೆಳಗೆ ಬರೆದಿದ್ದಳು: ಇವ್ರೇ ಮೇಡಂ, ನೋಡ್ಕೊಳ್ಳಿ.

ಗುರುವಾರ ಬೆಳಿಗ್ಗೆ ಡಾಕ್ಟರ ಫೋನ್ ಬಂತು. ಲಿವರಿನ ಬಲಭಾಗದಲ್ಲಿ ಒಂದು ಗೆಡ್ಡೆ. ನೆಲ್ಲಿಕಾಯಿಗಿಂತ ಚಿಕ್ಕದು, ಒಂದೇ ಒಂದು, ಅಂಚಿನಲ್ಲಿದೆ, ತೆಗೆಯಬಹುದು. "ಇನ್ನೊಂದಷ್ಟು ತಿಂಗಳು ಬಿಟ್ಟು ಬಂದಿದ್ದರೆ ಈ ಮಾತು ಹೇಳುತ್ತಿರಲಿಲ್ಲ" ಎಂದರು ಡಾಕ್ಟರು. ನಾನು ಬೆಶ್ಲೆಯ ಪಕ್ಕದ ಕಲ್ಲಿನ ಮೇಲೆ ಕೂತುಕೊಂಡೆ. ಕಾಲು ನೋಯುತ್ತಿತ್ತು. ಆ ನೋವಿಗೆ ಕೈಮುಗಿಯಬೇಕೆನಿಸಿತು.

ಶುಕ್ರವಾರದ ಮಾತಿನಲ್ಲಿ ಮೊದಲ ಚಿತ್ರವಾಗಿ ಮೂವತ್ತೇಳನ್ನೇ ತೋರಿಸಿದೆ. ಅದರ ಮೇಲೆ ಅಡ್ಡಗೀಟು ಎಳೆದಿದ್ದೆ. ಇದು ನನ್ನ ತಪ್ಪು, ಇಂಥವು ಇನ್ನೂ ಕೆಲವು ಇರಬಹುದು, ಎರಡನೇ ಸುತ್ತನ್ನು ಪೂರ್ತಿ ಮತ್ತೆ ಮಾಡುತ್ತೇನೆ ಎಂದೆ. ಎರಡು ವರ್ಷದ ಕೆಲಸ ಕಣ್ಣೆದುರೇ ಅರ್ಧವಾಯಿತು. ಎಲ್ಲರೂ ಹೋದ ಮೇಲೆ ಉಲ್ರಿಕೆ ಬಂದು ಒಂದೇ ಪ್ರಶ್ನೆ ಕೇಳಿದರು. "ಮುಂದಿನ ಸಲ ಹೇಗೆ ಗುರುತಿಸುತ್ತೀಯ? ಎಲ್ಲರೂ ಜನವರಿ ಒಂದರಂದು ಹುಟ್ಟಿದ್ದಾರಲ್ಲ." ಈ ಸಲ ಅವರು ತಮಾಷೆ ಮಾಡುತ್ತಿರಲಿಲ್ಲ.

ಬೇತಮಂಗಲದ ದಾರಿ

ಆಪರೇಷನ್ ಆಯಿತು. ಎರಡು ತಿಂಗಳು ಹಸಿರು ಬ್ಯಾಗನ್ನು ನನ್ನ ಸೀಟಿನ ಮೇಲೆ ಇಟ್ಟುಕೊಂಡು ಬಂದವನು ಮುನಿರಾಜು. ಮೋಲ್ಡಿಗೂ ಅವನೇ ನಿಂತ. ಊರಲ್ಲಿ ಸುದ್ದಿ ಮುಚ್ಚಿಡಲಾಗಲಿಲ್ಲ, ಕೆಲವರು ಕುಡುಕ ಎಂದರಂತೆ. ಮಗಳಿಗೆ ನೋಡಿದ್ದ ಗಂಡಿನ ಮನೆಯವರಿಗೆ ಸರೋಜಕ್ಕ ಹೋಗಿ ಸೂಜಿಯ ವಿಷಯ ಬಿಡಿಸಿ ಹೇಳಿ ಬಂದಳು.

ಮತ್ತೆ ರಕ್ತ ತೆಗೆಯುವ ದಿನವನ್ನು ಭಾನುವಾರ ಇಟ್ಟೆವು, ಯಾರೂ ಗಾಡಿಗೆ ಹೋಗದ ದಿನ. ನಾನೇ ಹೋಗಿ ಶಾಲೆಯ ಜಗಲಿಯ ಮೇಲೆ ಕೂತೆ. ಮುಖ ಪರಿಚಯವಿದ್ದರೂ ಒಬ್ಬೊಬ್ಬರನ್ನೂ ಕೇಳಿದೆ: ಹೆಸರು? ಹುಟ್ಟಿದ ತಾರೀಕು? ಜನ ನಗುತ್ತಾ ಹೇಳಿದರು. ಲಿವರ್ ಮೇಡಮ್ಮನಿಗೆ ಪರದೇಶಕ್ಕೆ ಹೋಗಿ ಬಂದ ಮೇಲೆ ಮರೆವು ಬಂದಿದೆ ಎಂದೂ ಯಾರೋ ಅಂದರು.

ಚೌಡಪ್ಪಣ್ಣ ಬಂದು ಎದುರು ಕೂತರು. ಸೊರಗಿದ್ದರು, ಆದರೆ ಕಣ್ಣು ತಿಳಿಯಾಗಿತ್ತು.

"ಹೆಸರು?"

"ಚೌಡಪ್ಪ."

"ಹುಟ್ಟಿದ ತಾರೀಕು?"

"ಜನವರಿ ಒಂದು."

ಹಿಂದೆ ನಿಂತಿದ್ದ ಮುನಿರಾಜು, "ನಂದೂ ಅದೇ" ಎಂದ. ಜಗಲಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು, ಉಲ್ರಿಕೆಯ ಪ್ರಶ್ನೆ ನೆನಪಾಯಿತು.

ಚೌಡಪ್ಪಣ್ಣ ನನ್ನ ಮುಖ ನೋಡಿದರು. ಆಮೇಲೆ ಎದ್ದು ನಿಂತು, ಇಷ್ಟು ದಿನ ಯಾರಿಗೂ ಹೇಳಬೇಡಿ ಎಂದು ಕೈಮುಗಿದಿದ್ದ ಮನುಷ್ಯ, ಊರವರೆಲ್ಲರ ಎದುರಿಗೆ ಅಂಗಿ ಮೇಲಕ್ಕೆತ್ತಿದರು. ಬಲಗಡೆಯ ಪಕ್ಕೆಲುಬಿನ ಕೆಳಗೆ, ಒಂದು ಗೇಣಿಗಿಂತ ಉದ್ದವಾಗಿ, ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಇದನ್ ಬರ್ಕೊಳ್ಳಿ ಭಾರತಮ್ಮ" ಎಂದರು. "ಇದು ಮುನಿರಾಜುಗಿಲ್ಲ."

ಮೂವತ್ತೇಳರ ಮುಂದೆ ನಾನು ಅದನ್ನು ಬರೆದುಕೊಂಡೆ. ಆಮೇಲೆ ಅವರು ಕೂತು ತೋಳು ಚಾಚಿದರು.